ಕೊನೆಯಲ್ಲೊಂದು ಎಸ್

ಲೆಕ್ಕಿಗರಿಗೆ ಲೈಸೆನ್ಸ್ ಕೊಡುವ, ಕಿತ್ತುಕೊಳ್ಳುವ ರಾಜ್ಯ ಮಂಡಳಿಯ ತನಿಖಾಧಿಕಾರಿ ಕರ್ಟ್ ಲಿಂಡ್‌ಹೋಮ್ ಒಂದು ಫೋಟೋವನ್ನು ಆರ್ಡಿತ್ ಹೌಗನ್ ಕಡೆಗೆ ಸರಿಸಿದ. ಅವಳದೇ ಆಫೀಸಿನ ಕಿಟಕಿ. ಗಾಜಿನ ಮೇಲೆ ಚಿನ್ನದ ಬಣ್ಣದಲ್ಲಿ ‘ರೌಶ್ ಅಂಡ್ ಹೌಗನ್, ಸಿಪಿಎ’ ಎಂದು ಬರೆದು, ಕೊನೆಗೆ ಒಂದು ಪುಟ್ಟ ‘ಎಸ್’ ಸೇರಿಸಿತ್ತು. ಯಾರೋ ಪುಣ್ಯಾತ್ಮರು ಆ ಎಸ್ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದಿದ್ದರು. ಇಷ್ಟಕ್ಕಾಗಿ ಅವಳು ಮುಸುಕಿನ ಜೋಳದ ಹೊಲಗಳ ನಡುವೆ ಎರಡು ಗಂಟೆ ಕಾರು ಓಡಿಸಿಕೊಂಡು ಅಯೋವಾದ ರಾಜಧಾನಿಗೆ ಬಂದಿದ್ದಳು.

“ಮೇಡಂ, ಆಫೀಸಲ್ಲಿ ಈಗ ಎಷ್ಟು ಜನ ಸಿಪಿಎ ಇದ್ದೀರಿ?”

“ನಾನೊಬ್ಬಳೇ.”

“ರೌಶ್ ಅವರು?”

“ತೀರಿಕೊಂಡು ಹದಿನಾಲ್ಕು ತಿಂಗಳಾಯ್ತು. ಊರಿಗೆಲ್ಲ ಗೊತ್ತು. ದೂರು ಕೊಟ್ಟೋನಿಗೂ ಗೊತ್ತು. ಮಣ್ಣು ಮಾಡಿದ ದಿನ ಚರ್ಚಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಎರಡೆರಡು ಸಲ ಹಾಕಿಸ್ಕೊಂಡು ತಿಂದಿದ್ದ.”

ಕರ್ಟ್ ನಗು ನುಂಗಿಕೊಂಡ. “ಯಾರು ದೂರು ಕೊಟ್ರು ಅಂತ ನಾನು ಹೇಳೋ ಹಾಗಿಲ್ಲ.”

“ಹೇಳ್ಬೇಡಪ್ಪ. ನಮ್ಮೂರಲ್ಲಿ ಇನ್ನೊಬ್ಬ ಸಿಪಿಎ ಇರೋದೇ ಅವನೊಬ್ಬ.”

ಲೈಸೆನ್ಸ್ ಇರುವ ಲೆಕ್ಕಿಗರು ಒಬ್ಬರೇ ಆದರೆ ಬರೀ ಸಿಪಿಎ, ಇಬ್ಬರಾದರೆ ಮಾತ್ರ ಎಸ್. ಇಲ್ಲದವರನ್ನು ಇದ್ದಾರೆಂದು ತೋರಿಸಿದರೆ ಜನರ ದಾರಿ ತಪ್ಪಿಸಿದ ಹಾಗೆ. ಈ ನಿಯಮ ಆರ್ಡಿತ್‌ಗೆ ಬಾಯಿಪಾಠ. ಆದರೂ ಬ್ಲೇಡು ಹಿಡಿದು ಮೂರು ಸಲ ಆ ಗಾಜಿನ ಮುಂದೆ ನಿಂತವಳು ಮೂರು ಸಲವೂ ಕೆರೆಯದೆ ಒಳಗೆ ಬಂದಿದ್ದಳು.

“ರೌಶ್ ಅವರ ಹೆಸರು ಇರ್ಲಿ, ತೀರಿಹೋದ ಪಾಲುದಾರರ ಹೆಸರಿಗೆ ಅಡ್ಡಿಯಿಲ್ಲ. ಆ ಎಸ್ ಒಂದು ಕೆರೆದ್ಬಿಡಿ ಸಾಕು,” ಎಂದ ಕರ್ಟ್.

ಸಾಕಂತೆ. ಮೂವತ್ತೊಂದು ವರ್ಷ ಅವಳದೂ ವರ್ನನ್ ರೌಶ್‌ನದೂ ಎದುರುಬದುರು ಮೇಜು. ಏಪ್ರಿಲ್‌ನ ತೆರಿಗೆ ಗಡಿಬಿಡಿಯಲ್ಲಿ ಅವನು ಪೆನ್ಸಿಲಿನಿಂದ ಮೇಜು ಕುಟ್ಟಿ, “ಮಿಸ್ ಹೌಗನ್, ಕಾಫಿ?” ಎನ್ನುತ್ತಿದ್ದ. ಆ ಸದ್ದಿಗಾಗಿ ಅವಳ ಕಿವಿ ಈಗಲೂ ಕಾಯುತ್ತದೆ. ಅವನಿಗೆ ಲೋಯಿಸ್ ಎಂಬ ಹೆಂಡತಿ ಇದ್ದಳು. ಆರ್ಡಿತ್ ಮಾಡಿದ ಪೈ ತಿಂದು ಬಾಯ್ತುಂಬ ಹೊಗಳುವಷ್ಟು ಒಳ್ಳೆಯವಳು. ಆ ಸಂಸಾರದ ನಡುವೆ ಹೋಗುವ ಯೋಚನೆ ಆರ್ಡಿತ್‌ಗೆ ಕನಸಿನಲ್ಲೂ ಬಂದಿರಲಿಲ್ಲ. ಸುಳ್ಳೇಕೆ, ಕನಸಿನಲ್ಲಿ ಬಂದಿತ್ತು, ಎಚ್ಚರದಲ್ಲಿ ಬಂದಿರಲಿಲ್ಲ. ಅವನನ್ನು ಪ್ರೀತಿಸಿದ್ದಳು, ಹೇಳಿರಲಿಲ್ಲ, ಅಷ್ಟೇ. ಸಮಾಧಿಯ ಕಲ್ಲಿನ ಮೇಲೆ ಅವನ ಪಕ್ಕದಲ್ಲಿ ಲೋಯಿಸ್ ಹೆಸರನ್ನು ಈಗಾಗಲೇ ಕೆತ್ತಿಸಿಯಾಗಿದೆ. ಅದು ನ್ಯಾಯವೇ. ಆದರೆ ಈ ಲೋಕದಲ್ಲಿ ಆರ್ಡಿತ್ ಮತ್ತು ವರ್ನನ್ ಸೇರಿ ಬಹುವಚನವಾಗಿದ್ದದ್ದು ಆ ಗಾಜಿನ ಮೇಲೆ ಮಾತ್ರ.

ಕರ್ಟ್ ಒಂದು ಕಾಗದ ಮುಂದಿಟ್ಟ. “ಮೇಡಂ, ಎಸ್ ತೆಗೀತೀನಿ ಅಂತ ಇಲ್ಲೊಂದು ಸಹಿ ಹಾಕಿ. ಫೈಲು ಇಲ್ಲೇ ಮುಚ್ಚಿಬಿಡ್ತೀನಿ, ನರಪಿಳ್ಳೆಗೂ ಗೊತ್ತಾಗಲ್ಲ. ಇಷ್ಟು ವರ್ಷದಲ್ಲಿ ನಿಮ್ಮ ಲೈಸೆನ್ಸ್ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲ.”

“ಹಾಕ್ದೇ ಹೋದ್ರೆ?”

“ಆ ಮಾತ್ಯಾಕೆ ಬಿಡಿ. ಮಂಡಳಿ ಮುಂದೆ ಹೋಗುತ್ತೆ, ಬಹಿರಂಗ ಛೀಮಾರಿ ಹಾಕ್ತಾರೆ. ಎಸ್ ಅಂತೂ ಆಗ್ಲೂ ತೆಗೀಲೇಬೇಕು. ಮೇಲಿಂದ ವೆಬ್‌ಸೈಟಲ್ಲಿ ಶಿಸ್ತುಕ್ರಮದ ಪಟ್ಟಿ ಇದೆಯಲ್ಲ, ಅದಕ್ಕೆ ನಿಮ್ಮ ಹೆಸರು ಹತ್ತುತ್ತೆ.”

ಆ ಪಟ್ಟಿ ಅವಳಿಗೆ ಗೊತ್ತು. ಕಳ್ಳಲೆಕ್ಕ ಬರೆದವರು, ಕಕ್ಷಿದಾರರನ್ನು ಮುಳುಗಿಸಿದವರು, ಎಲ್ಲ ಅದರಲ್ಲಿದ್ದಾರೆ. ಅದರಲ್ಲಿ ಹೆಸರು ಬಂದವರ ಬಾಗಿಲಿಗೆ ಮತ್ತೆ ಊರಿನ ಶಾಲೆಯಾಗಲಿ ಬ್ಯಾಂಕಾಗಲಿ ಲೆಕ್ಕ ತೋರಿಸಲು ಬರುವುದಿಲ್ಲ.

“ಅದರಲ್ಲಿ ನಮ್ಮ ಹೆಸರು ಹೇಗೆ ಬರೀತೀರಿ?”

“ಗಾಜಿನ ಮೇಲೆ ಹೇಗಿತ್ತೋ ಹಾಗೇ. ಎಸ್ ಸಮೇತ. ತಪ್ಪು ಇರೋದೇ ಅದರಲ್ಲಲ್ವಾ?”

“ಎಷ್ಟು ದಿನ ಇರುತ್ತೆ?”

“ದಿನ ಏನು ಬಂತು ಮೇಡಂ, ಶಾಶ್ವತ! ನೀವು ನಾವು ಹೋದ್ಮೇಲೂ ಇರುತ್ತೆ. ಒಂದ್ಸಲ ಹತ್ತಿದ್ರೆ ಅಳಿಸೋ ಮಾತೇ ಇಲ್ಲ. ಅದಕ್ಕೇ ಹೇಳ್ತಿರೋದು, ಸುಮ್ನೆ ಸಹಿ ಹಾಕಿ ಮನೆಗೆ ಹೋಗಿ.”

ಆರ್ಡಿತ್ ಆ ಕಾಗದವನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು.

“ಪಟ್ಟಿಗೇ ಹಾಕಪ್ಪ,” ಎಂದಳು. “ರೌಶ್ ಮೊದ್ಲು, ಪಕ್ಕದಲ್ಲಿ ನಾನು. ಕೊನೆಗೆ ಎಸ್ ಬರೆಯೋದು ಮಾತ್ರ ಮರೀಬೇಡ.”