ಜೋಡಿ ಕಂಗಾ

“ಕೂತ್ಕೋ ಅಂದ್ನಲ್ಲಮ್ಮಾ! ಪಟ್ಟೀಲಿ ಹೆಸರಿಲ್ದೋರು ಮಾತಾಡೋ ಹಾಗಿಲ್ಲ.” ಊರ ಸಭೆಯಲ್ಲಿ ಅಧಿಕಾರಿ ಮಕಾಮೆ ಮೇಜು ಕುಟ್ಟಿದ.

ಜೈತುನಿ ಕೂರಲಿಲ್ಲ. ಅವನಿಗೆ ಬೆನ್ನು ತಿರುಗಿಸಿ ನಿಂತಳು. ಬಾಯಲ್ಲಿ ಆಡಲಾಗದ್ದನ್ನು ಪೆಂಬಾ ದ್ವೀಪದ ಹೆಂಗಸರು ಹೊದ್ದ ಕಂಗಾ ಬಟ್ಟೆಯ ಬರಹದಲ್ಲೇ ಹೇಳಿಬಿಡುತ್ತಾರೆ. ಇವಳ ಕಂಗಾದ ಅಂಚಿನಲ್ಲಿ ದಪ್ಪ ಅಕ್ಷರ: ‘ನಾಲ್ಕು ಸಾವಿರದ ಇನ್ನೂರ ಹದಿನಾರು ಮಂದಿ ಇಲ್ಲೇ ಇದ್ದೇವೆ.’ ಮೈತುಂಬ ಚುಕ್ಕಿಗಳು. ಒಂದು ಚುಕ್ಕಿ ಅಂದರೆ ಉಪ್ಪುನೀರ ಕೆಸರಲ್ಲಿ ಬೆಳೆಯುವ ಒಂದು ಕಾಂಡ್ಲಾ ಮರ. ತೊಡೆ ದಪ್ಪದವು ಕೆಂಪು, ಮೊನ್ನೆ ಮೊಳೆತ ಕೂಸುಗಳು ಹಳದಿ. ಅವಳೂ ಸೋದರತ್ತೆ ಅಶುರಾಳೂ ಎಂಟು ತಿಂಗಳು ಅಳಿವೆಯ ಕೆಸರಲ್ಲಿ ಹೂತು, ಒಂದೊಂದಕ್ಕೂ ದಾರ ಕಟ್ಟಿ ಎಣಿಸಿದ್ದರು. ವಾರದಿಂದ ಬೀದಿಬೀದಿಯಲ್ಲೂ ಜೈತುನಿಯದು ಇದೇ ಆಟ: ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಬೆನ್ನು ತೋರಿಸುವುದು.

ಮಕಾಮೆಯ ನಕ್ಷೆಯಲ್ಲಿ ಮಾತ್ರ ಆ ಜಾಗ ಬೋಳು. ‘ಮರಗಳಿಲ್ಲದ ಕೆಸರು’ ಎಂದು ಬರೆದಿತ್ತು. ಊರು ಇವತ್ತು ಹೂಂ ಎಂದರೆ ಸೋಮವಾರ ಅಲ್ಲಿ ಹೋಟೆಲಿನ ಧಕ್ಕೆಗೆ ಕೆಲಸ ಶುರು.

“ಏನಮ್ಮಾ ಇದು, ನಾಟಕಾನಾ?”

“ನಾಟಕಾನೇ ಸಾಹೇಬ್ರೆ,” ಅಶುರಾ ಕೂತಲ್ಲಿಂದಲೇ ಕೂಗಿದಳು. “ಟಿಕೆಟ್ ಇಲ್ಲ, ಪುಕ್ಕಟೆ ನೋಡಿ. ಓದೋಕೆ ಬರುತ್ತಲ್ಲಾ?”

ಸಭೆ ಗೊಳ್ಳೆಂದಿತು. ಮಕಾಮೆಯ ಕಿವಿ ಕೆಂಪಾಯಿತು.

“ಸುಳ್ಳು ಲೆಕ್ಕ! ಆ ಬಟ್ಟೆ ತೆಗೆದು ಇಲ್ಲಿಡು.”

ಎಂಟು ತಿಂಗಳ ಕೆಸರು ಅದರಲ್ಲಿತ್ತು. ಆದರೂ ಜೈತುನಿ ಹೆಗಲ ಮೇಲಿನದನ್ನು ತೆಗೆದು, ಮಲಗಿದ ಮಗುವಿಗೆ ಹೊದಿಸುವಷ್ಟು ಜೋಪಾನವಾಗಿ ಮಡಚಿ ಮೇಜಿನ ಮೇಲಿಟ್ಟಳು. ಒಳಗೆ ಉದ್ದ ತೋಳಿನ ಅಂಗಿ, ತಲೆಗೆ ವಸ್ತ್ರ ಇದ್ದೇ ಇತ್ತು.

ಮಕಾಮೆ ಬಟ್ಟೆಯನ್ನು ಚೀಲಕ್ಕೆ ತುರುಕಿದ. “ಮುಗೀತಲ್ಲ?”

“ಅರ್ಧ ಮುಗೀತು. ಕಂಗಾ ಜೋಡೀಲೇ ಬರೋದು ಸಾಹೇಬ್ರೆ. ನಿಮ್ಮಮ್ಮ ಉಡ್ತಿರಲಿಲ್ವಾ?” ಅಂದಳು ಜೈತುನಿ.

ಮತ್ತೆ ಬೆನ್ನು ತಿರುಗಿಸಿದಳು. ಸೊಂಟಕ್ಕೆ ಸುತ್ತಿದ್ದು ಅದರದೇ ಜೋಡಿ. ಅದೇ ಚುಕ್ಕಿ, ಅದೇ ಅಕ್ಷರ. ಸೊಂಟದ ಗಂಟಿನ ಮೇಲೆ ಕೈಯಿಟ್ಟು ಹೇಳಿದಳು: “ಇದನ್ನೂ ಬಿಚ್ಚು ಅಂತ ಊರ ಮುಂದೆ ನೀವೇ ಹೇಳಿ. ಕೊಡ್ತೀನಿ.”

ಮಕಾಮೆ ಸರಕ್ಕನೆ ಮುಖ ಪಕ್ಕಕ್ಕೆ ಹೊರಳಿಸಿದ. ಆ ಪಕ್ಕದಲ್ಲಿದ್ದದ್ದು ಕಿಟಕಿ. ಅದರಾಚೆ ಉಬ್ಬರದ ನೀರಿನಲ್ಲಿ ಮೊಣಕಾಲುದ್ದ ಮುಳುಗಿ ನಿಂತ ಮರಗಳು, ಒಂದೊಂದರ ಕೊರಳಲ್ಲೂ ದಾರ.