ನಡುರಾತ್ರಿಯ ಮೂರು ತಾಸು

ಕುಂಯ್ ಎಂದು ಸಣ್ಣ ಸದ್ದು. ದಾಕ್ಷಾಯಿಣಿ ಎದ್ದು ಕೂತಳು, ನಿದ್ದೆಯೇನೂ ಬಂದಿರಲಿಲ್ಲ. ಗಂಡನ ಎದೆಬಡಿತ ದಾಖಲಿಸುತ್ತಿದ್ದ ಪುಟ್ಟ ಯಂತ್ರ ಹಾಸಿಗೆಯ ಮೇಲೆ ಬಿದ್ದು ಕೂಗುತ್ತಿತ್ತು. ಗಂಟೆ ಎರಡು. ವೈರುಗಳನ್ನು ಕಿತ್ತುಹಾಕಿದ ಕುಮಾರಸ್ವಾಮಿ, ಬೆವೆತ ಬನಿಯನ್ನಿನಲ್ಲಿ ಗೋಡೆಗೆ ಒರಗಿದ್ದ.

"ಮತ್ತ ಬಂದ್ಲೇನ್ರಿ?"

"ಹೂಂ. ಈ ಸಲ ಹಳಿ ಮ್ಯಾಲ ಕುಂತಿದ್ಲು."

ಅವನು ಗೂಡ್ಸ್ ಗಾಡಿಯ ಡ್ರೈವರ್. ಹದಿನಾಲ್ಕು ತಿಂಗಳ ಹಿಂದೆ, ಅಮರಗೋಳದ ಹತ್ತಿರ, ಹಳಿಯ ಮೇಲೆ ಹೆಂಗಸೊಬ್ಬಳನ್ನು ಕಂಡು ಬ್ರೇಕ್ ಹಾಕಿದರೂ ಗಾಡಿ ನಿಂತಿರಲಿಲ್ಲ. ಅಂದಿನಿಂದ ಅವಳು ಕನಸಿನಲ್ಲಿ ಬರುತ್ತಿದ್ದಳು. ಇನ್ನು ಈ ಯಂತ್ರ ಹಚ್ಚಬೇಡ ಎಂದು ಹೇಳಿ, ಗಡಿಯಾರವನ್ನೂ ನೋಡದೆ ಕುಮಾರಸ್ವಾಮಿ ದಿಂಬು ಹಿಡಿದು ಹೊರಗಿನ ಕೋಣೆಗೆ ಹೋದ.

ಮತ್ತೆ ಗಾಡಿ ಓಡಿಸಲು ಡಾಕ್ಟರ ಒಪ್ಪಿಗೆ ಬೇಕು, ಅದಕ್ಕೆ ಯಂತ್ರ ಇಪ್ಪತ್ತನಾಲ್ಕು ತಾಸು ಎದೆಯ ಮೇಲಿರಬೇಕು. ಹಿಂದಿನ ಎರಡು ಸಲವೂ ಹೀಗೇ ಅರ್ಧಕ್ಕೆ ನಿಂತಿತ್ತು. ಈ ಸಲವೂ ಖಾಲಿ ಬಿದ್ದರೆ ಎಂಜಿನ್ ಮರೆಯಬೇಕು. ಆಫೀಸಿನಲ್ಲಿ ಕಾಗದ ಜೋಡಿಸುತ್ತ, 'ಕುರ್ಚಿ ಡ್ರೈವರ್' ಅನ್ನಿಸಿಕೊಳ್ಳುತ್ತ ಕೂರಬೇಕು. ನಿರೋಗಿಯ ಎದೆ ಗಡಿಯಾರದ ಹಾಗೆ ಬಡಿಯುವುದಿಲ್ಲ, ಉಸಿರು ಒಳಗೆ ಹೋದಾಗ ತುಸು ಲಗುಬಗೆ, ಹೊರಗೆ ಬಂದಾಗ ತುಸು ಸಾವಕಾಶ ಎಂದು ದೇಶಪಾಂಡೆ ನಗರದ ಡಾಕ್ಟರು ತಿಳಿಸಿ ಹೇಳಿದ್ದರು. ಅಂಜಿದ ಎದೆ ಮಾತ್ರ ಒಂದೇ ಸಮ ಬಡಿಯುತ್ತದಂತೆ.

ತನಗೇನು ರೋಗ? ದಾಕ್ಷಾಯಿಣಿ ವೈರುಗಳ ತುದಿಯ ಅಂಟುಬಿಲ್ಲೆಗಳನ್ನು ಒರೆಸಿ ತನ್ನ ಎದೆಗೆ ಒತ್ತಿಕೊಂಡಳು. ಯಂತ್ರ ಸುಮ್ಮನಾಯಿತು. ಮಗ್ಗುಲು ಬದಲಿಸದೆ ಮಲಗಿ, ಹೊರಗಿನ ಕೆಮ್ಮು, ನಲ್ಲಿಯ ನೀರು, ಅಗುಳಿಯ ಸದ್ದು ಆಲಿಸಿದಳು. ಐದಕ್ಕೆ ಅವನು ಬಂದು ಮಲಗಿ ಕಣ್ಣು ಮುಚ್ಚಿದ ಮೇಲೆ ಬಿಲ್ಲೆಗಳನ್ನು ಅವನಿಗೇ ಹಚ್ಚಿದಳು.

ಮೂರನೆಯ ದಿನ ಡಾಕ್ಟರು ಕಾಗದದ ಮೇಲೆ ಬೆರಳಾಡಿಸಿದರು. "ಹಗಲು ಅಡ್ಡಿಯಿಲ್ಲ, ಮೊದಲಿಗಿಂತ ಛಲೋ ಐತಿ. ರಾತ್ರಿ ಎರಡರಿಂದ ಐದು ನೋಡ್ರಿ, ಒಂದ ಸಮ. ಬಾಗಲಾ ಕಾಯೋರಂಗ ನಿಂತೈತಿ ಎದಿ, ಒಂದು ನಿಮಿಷ ಕುಂತಿಲ್ಲ. ಇನ್ನ ಆರು ತಿಂಗಳು ಎಂಜಿನ್ ಬ್ಯಾಡ."

ದಾಕ್ಷಾಯಿಣಿ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿ ಕುಮಾರಸ್ವಾಮಿ ಉದ್ದಕ್ಕೆ ಉಸಿರು ಬಿಟ್ಟ. ಅವನ ಹೆಗಲು ಹಾಗೆ ಇಳಿದದ್ದನ್ನು ಅವಳು ಎಷ್ಟೋ ದಿನಗಳಿಂದ ಕಂಡಿರಲಿಲ್ಲ.

ಮೆಟ್ಟಿಲು ಇಳಿಯುವಾಗ ಅವನು ಮೆಲ್ಲಗೆ ಅಂದ: "ಖರೇ ಹೇಳ್ಲಿ? ಪಾಸಾದ್ರ ಹೆಂಗ ಅಂತ ಅಂಜಿದ್ದೆ. ಮತ್ತ ಆ ಎಂಜಿನ್ ಹತ್ತೋದು ನನ್ನಿಂದ ಆಗೂದಿಲ್ಲ."

"ನಡೀರಿ, ಬಸ್ ಬಂತು."

ಬಸ್ಸಿನಲ್ಲಿ ಅವನು ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆಹೋದ. ಆ ಮೂರು ತಾಸು ಯಾರವೆಂದು ಯಾರಿಗೂ ಹೇಳಬಾರದೆಂದುಕೊಂಡು, ಭುಜ ಅಲುಗದ ಹಾಗೆ ದಾಕ್ಷಾಯಿಣಿ ನೆಟ್ಟಗೆ ಕೂತಳು.