ಅವಧಿ ಮೀರಿದ ಅರ್ಜಿ

“ತಲಾಖ್ ಯಾವಾಗ ಕೊಟ್ರಿ?” ಎಂದು ಗೋಕಾಕದ ವಕೀಲ ಗುರುಪಾದ ಕೇಳಿದಾಗ ಬಂದೇನವಾಜನ ಮೈಯೆಲ್ಲ ಉರಿದುಹೋಯಿತು.

“ಕೊಟ್ಟೇ ಇಲ್ಲರಿ! ಹೋದ ವರ್ಷ ಕೊಟ್ಟಾನ ಅಂತ ಅರ್ಜಿಯೊಳಗ ಸುಳ್ಳ ಬರಸ್ಯಾಳ. ತಿಂಗಳಾ ತಿಂಗಳಾ ಜೀವನಾಂಶ ಬೇಕಂತ ಮಹಾರಾಣಿಗೆ!”

ಸುಳ್ಳೆಂದರೆ ಬಂದೇನವಾಜನಿಗೆ ಆಗುತ್ತಿರಲಿಲ್ಲ, ಬೇರೆಯವರದಾಗಿದ್ದರೆ. ಮೂಡಲಗಿಯ ದನದ ಸಂತೆಯಲ್ಲಿ ಆತ ಹೆಸರಾದ ದಲಾಲಿ. ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸಿ ಕುಂಟ ಎತ್ತನ್ನೂ ಚಲೋ ಬೆಲೆಗೆ ದಾಟಿಸಿದವನು. “ಬೇಕಾದ ಎತ್ತಿನ ಕಡೆ ಕಣ್ಣೆತ್ತಿ ಸುದ್ದಾ ನೋಡಬಾರದು. ಬಾಜೂದ ಎತ್ತಿನ ದರಕ್ಕ ಜಗಳಾ ತಗೀಬೇಕು,” ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿ ಜೈತುನಳಿಗೆ ಉಣ್ಣುವಾಗಲೂ ಪಾಠ ಹೇಳುತ್ತಿದ್ದ. ಆಕೆ ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಆಕೆಯನ್ನು ಹುಕ್ಕೇರಿಯ ತವರಿಗೆ ಅಟ್ಟಿ, ಎರಡನೆಯವಳನ್ನು ತಂದ. ಜಮಾತಿನ ಹಿರಿಯರು ಮೂರು ನಾಲ್ಕು ಸಲ ಬಂದು, “ಇಟ್ಕೋತಿಯೋ, ಬಿಡ್ತಿಯೋ? ಒಂದು ಹೇಳಪಾ,” ಎಂದು ಕೇಳಿದರು. ಈ ಪುಣ್ಯಾತ್ಮ ಪ್ರತಿಸಲವೂ ಚಹಾ ಕುಡಿಸಿ, “ನೋಡೂಣು,” ಎಂದು ಕಳಿಸಿದ. ಇಟ್ಟುಕೊಂಡರೆ ಖರ್ಚು, ಬಿಟ್ಟರೂ ಖರ್ಚು. ನೋಡೂಣು ಎನ್ನುವುದಕ್ಕೆ ಬರೀ ಚಹಾದ ಖರ್ಚು.

ಗುರುಪಾದ ಕನ್ನಡಕ ಒರೆಸಿಕೊಂಡ. “ಕೊಟ್ಟಿಲ್ಲ ಅಂದ್ರ ಆಕಿ ಇನ್ನೂ ನಿಮ್ಮ ಹೇಣ್ತಿ, ಸಾಕಬೇಕು. ಹೋದ ವರ್ಷ ಕೊಟ್ಟೇನಿ ಅಂದ್ರೂ ರೊಕ್ಕಾ ಬಿಚ್ಚಬೇಕು. ಭಾಳ ಹಳೇ ತಲಾಖ್ ಇದ್ದಿದ್ರ, ‘ಅವಧಿ ಮೀರೈತಿ, ಇಷ್ಟ ದಿನ ಎಲ್ಲಿದ್ದಿ?’ ಅಂತ ವಾದ ಮಾಡಬಹುದಿತ್ತು. ಅದಕ್ಕೂ ಎರಡೂ ಕಡೆ ತೀರ್ಪು ಅದಾವ. ಆಕಿ ವಕೀಲರು ಬಾಯಿ ತಗದ್ರ ತ್ರಾಸ.”

“ಹಂಗಾದ್ರ ಹಳೇದ ಐತ್ರಿ!” ಬಂದೇನವಾಜನಿಗೆ ತಟ್ಟನೆ ನೆನಪು ಮರಳಿತು. “ಎಂಟು ವರ್ಷ ಆತು. ತಿಂಗಳಿಗೊಮ್ಮೆ, ಮೂರು ಸಲ, ಪದ್ಧತಿ ಪ್ರಕಾರ ಕೊಟ್ಟೇನಿ. ಸಾಕ್ಷಿನೂ ಅದಾರ.”

“ಈಗಷ್ಟ ಕೊಟ್ಟಿಲ್ಲ ಅಂದ್ರಲ್ಲ?”

“ಸಿಟ್ಟಿನ್ಯಾಗ ಮರ್ತಿದ್ದೆರಿ.”

ಗುರುಪಾದ ಅವನ ಮುಖವನ್ನೊಮ್ಮೆ ನೋಡಿ ಬರೆದುಕೊಂಡ.

ಸಾಕ್ಷಿಗಳು ಸಂತೆಯಲ್ಲೇ ಸಿಕ್ಕರು. ಅವರಲ್ಲೊಬ್ಬ ಆ ವರ್ಷ ಮೂಡಲಗಿಯ ಮುಖವನ್ನೇ ನೋಡಿರಲಿಲ್ಲ. ಆದರೂ ಮೂರೂ ತಲಾಖನ್ನು ಕಿವಿಯಾರೆ ಕೇಳಿದ್ದ.

ಜೈತುನ ಪ್ರತಿ ತಾರೀಖಿಗೂ ಹುಕ್ಕೇರಿಯಿಂದ ಗೋಕಾಕದ ಕೋರ್ಟಿಗೆ ಒಂದೇ ಆಟೋರಿಕ್ಷಾದಲ್ಲಿ ಬರುತ್ತಿದ್ದಳು. ರಿಕ್ಷಾದವನು ಇಡೀ ದಿನ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಬಾಡಿಗೆಗೇ ಮುಗಿದುಹೋಗುತ್ತಾಳೆ ಎಂದು ಬಂದೇನವಾಜ ಒಳಗೊಳಗೇ ಖುಷಿಪಟ್ಟ.

ಸಾಕ್ಷಿ ಕಟ್ಟೆಯಲ್ಲಿ ಆತ ಪ್ರಮಾಣ ಮಾಡಿ ಎಲ್ಲ ಒಪ್ಪಿಸಿದ. ಜೈತುನಳ ವಕೀಲೆ ನೇತ್ರಾ ಎದ್ದು ನಿಂತಳು. ಆಕೆ ಕೇಳಿದ್ದು ಮಾತ್ರ ಒಂದೇ ಪ್ರಶ್ನೆ.

“ಖರೇನ ಪೂರಾ ಬಿಟ್ಟೀರೇನ್ರಿ? ನಾಳೆ ಮಾತು ತಿರಗಸಂಗಿಲ್ಲಲ್ಲ?”

“ಎಂಟು ವರ್ಷದಿಂದ ಆಕಿಗೂ ನನಗೂ ಏನೇನೂ ಸಂಬಂಧ ಇಲ್ಲರಿ. ನಮ್ಮವ್ವನ ಆಣಿ!”

ಅವಧಿಯ ವಾದಕ್ಕೆ ನೇತ್ರಾ ತುಟಿಪಿಟಕ್ಕೆನ್ನಲಿಲ್ಲ. ಕರೀ ಕೋಟು ಹಾಕಿಕೊಂಡವರೆಲ್ಲ ವಕೀಲರಾಗುತ್ತಾರೆಯೇ ಎಂದು ಬಂದೇನವಾಜ ಕನಿಕರಪಟ್ಟ. ತೀರ್ಪು ಬಂತು. ತಲಾಖ್ ಎಂಟು ವರ್ಷದ ಹಿಂದೆಯೇ ಆಗಿದೆ, ಅರ್ಜಿಯ ಅವಧಿ ಮೀರಿದೆ, ವಜಾ.

ತೀರ್ಪಿನ ನಕಲು ಕೊಡುವ ದಿನ ಬಂದೇನವಾಜ ಕರದಂಟಿನ ಡಬ್ಬಿ ಹಿಡಿದುಕೊಂಡೇ ಕೋರ್ಟಿಗೆ ಹೋದ. ಸಿಕ್ಕಸಿಕ್ಕವರಿಗೆಲ್ಲ ಹಂಚಿದ. ನಕಲು ಹಿಡಿದು ಮೆಟ್ಟಿಲಿಳಿದು ಬಂದ ಜೈತುನಳ ಮುಂದೆಯೂ ಡಬ್ಬಿ ಚಾಚಿದ. ಗೆದ್ದವನಿಗೆ ಅಷ್ಟು ದೊಡ್ಡ ಮನಸ್ಸು ಬೇಡವೇ?

“ತಗೋ, ಬಾಯಿ ಸೀ ಮಾಡ್ಕೋ. ಪಾಪ, ಒಂದ ಪೈಸಾ ಸಿಗಲಿಲ್ಲ.”

ಜೈತುನ ಎರಡು ತುಂಡು ತೆಗೆದುಕೊಂಡಳು. ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಬೇವಿನ ಮರದ ಕೆಳಗೆ ನಿಂತಿದ್ದ ರಿಕ್ಷಾದವನ ಕೈಗಿಟ್ಟಳು.

“ಪೈಸಾ ಬಾಜೂದ ಎತ್ತು ಆಗಿತ್ರಿ,” ಎಂದು ತಿರುಗಿ ನಕ್ಕಳು. “ತಲಾಖಿನ ಪುರಾವೆ ತಂದ್ರ ಇವರ ಜೋಡಿ ನಿಕಾ ಓದತೇವಿ ಅಂತ ಜಮಾತಿನವರು ಎಷ್ಟೋ ದಿನದಿಂದ ಹೇಳಾಕತ್ತಿದ್ರು, ಶುಕ್ರವಾರ ಹುಕ್ಕೇರಿಗೆ ಬರ್ರಿ.”